ಹೇರೂರಿಗೆ ಒಂದು ಮೋಟಾರು ಪ್ರಯಾಣ

ಶಿರಸಿಯಿಂದ ಸಿದ್ದಾಪುರ ಸೀಮೆಯ ಹೇರೂರಿಗೆ ನಾವು ಎಷ್ಟು ಸಾರಿ ಹೋಗಿ ಬಂದಿರುವೆವೋ ಲೆಕ್ಕವಿಟ್ಟಿಲ್ಲ. ಆದರೆ ಕಣ್ಣನ್ನು ದಾರಿಯ ಮೇಲೂ ಕಿವಿಯನ್ನು ಯಂತ್ರದ ಮೇಲೂ ಇಟ್ಟು ಮಾತಿಲ್ಲದೆ ಹೋದುದು ಕಳೆದ ಮಾಘಮಾಸದಲ್ಲಿಯೇ ಮೊದಲು.

ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. ಮಂಡಿಯ ಶಸ್ತ್ರಚಿಕಿತ್ಸೆಯಾದಂದಿನಿಂದ ನಮ್ಮ ಎಡಗಾಲು ಕ್ಲಚ್ಚನ್ನು ತುಳಿಯಲೊಲ್ಲದು. ಅದಕ್ಕಾಗಿಯೇ ತಾನಾಗಿ ಗೇರು ಬದಲಿಸಿಕೊಳ್ಳುವ ಹಳೆಯ ಕಾರೊಂದನ್ನು ಕೊಂಡಿದ್ದೆವು. ರೇಡಿಯೇಟರಿನ ರಬ್ಬರು ಕೊಳವೆ ಸೋರುತ್ತಿದ್ದುದನ್ನು ಕಂಡೂ ‘ನಾಳೆ ನೋಡೋಣ’ ಎಂದ ನಮ್ಮ ಆಲಸ್ಯದಿಂದ ಎಂಜಿನ್ನು ಕಾದು ಕೆಟ್ಟಿತು. ಬೋರು ಮಾಡಿಸಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗು ಹಾಕಿಸುವುದರಲ್ಲಿ ಆ ವರ್ಷದ ಅಡಿಕೆಯ ಹಣದ ದೊಡ್ಡ ಪಾಲು ಕರಗಿತು. ಇನ್ನೊಮ್ಮೆ ಕೆಟ್ಟರೆ ಗಾಡಿ ಗುಜರಿಗೆ, ನಾವು ಜಗಲಿಗೆ.

“ಹೆಗಡೇರೇ, ನನ್ನ ಕೆಲಸ ಮುಗಿಯಿತು, ಉಳಿದದ್ದು ನಿಮ್ಮ ಬಲಗಾಲಿನದು” ಎಂದು ಮೇಸ್ತ್ರಿ ಕೀಲಿಕೈ ಕೊಟ್ಟನು.

ಬೋರು ಮಾಡಿದ ಸಿಲಿಂಡರಿನ ಒಳಗೋಡೆಯಲ್ಲಿ ಹೆಣೆದ ಚಾಪೆಯಂತೆ ಅಡ್ಡಡ್ಡ ಸೂಕ್ಷ್ಮರೇಖೆಗಳಿರುತ್ತವೆ. ಹೊಸ ರಿಂಗುಗಳು ಅವುಗಳಿಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ರಿಂಗನ್ನು ಗೋಡೆಗೆ ಒತ್ತುವುದು ಉರಿದ ಅನಿಲದ ಒತ್ತಡ. ಆದುದರಿಂದ ತೀರ ಮುದ್ದು ಮಾಡಿ ಓಡಿಸಿದರೆ ರಿಂಗು ಕೂರುವ ಮೊದಲೇ ಗೋಡೆ ನುಣುಪೇರಿ, ಎಂಜಿನ್ನು ಬಾಳುವಷ್ಟು ಕಾಲ ಎಣ್ಣೆ ಕುಡಿಯುತ್ತದೆ. ಮಿತಿಮೀರಿ ದುಡಿಸಿದರೆ ಕಾದು ಹಾಳಾಗುತ್ತದೆ. ಸ್ವಲ್ಪ ಭಾರ ಹೇರುವುದು, ಬಿಡುವುದು, ಮತ್ತೆ ಹೇರುವುದು, ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗದಿರುವುದು, ಇಷ್ಟೇ ಉಪಾಯ. ಎಳೆಯ ಹೋರಿಗೆ ನೊಗ ಕಲಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೊಡಕಿರುವುದು ತಾನಾಗಿ ಬದಲಾಗುವ ಗೇರಿನಲ್ಲಿ. ಅಮೆರಿಕೆಯ ಓಲ್ಡ್ಸ್‌ಮೊಬೈಲ್ ಗಾಡಿಗಳಲ್ಲಿ 1940ರ ಮಾದರಿಯಿಂದ ಬಂದ ಈ ಸೌಕರ್ಯದ ಉದ್ದೇಶ ಚಾಲಕನ ಶ್ರಮವನ್ನು ತಪ್ಪಿಸುವುದೇ ಹೊರತು ಹೊಸ ರಿಂಗುಗಳ ಯೋಗಕ್ಷೇಮವಲ್ಲ. ಅದು ಬೇಗನೆ ಮೇಲಿನ ಗೇರಿಗೆ ಏರಿಬಿಡುತ್ತದೆ. ಏರಿನಲ್ಲಿ ಎಂಜಿನ್ನು ನರಳುತ್ತದೆ. ಕಾಲನ್ನು ಇನ್ನಷ್ಟು ಒತ್ತಿದರೆ ಥಟ್ಟನೆ ಕೆಳಗಿಳಿದು ಗರ್ಜಿಸುತ್ತದೆ. ಆದುದರಿಂದ ಹಿಡಿಯನ್ನು ಎರಡನೆಯ ಗೇರಿನ ಗುರುತಿಗೆ ಎಳೆದು, ಏರಿನಲ್ಲಿ ಹದವಾಗಿ ಒತ್ತಿ, ಇಳಿಜಾರಿನಲ್ಲಿ ಕಾಲನ್ನು ಪೂರ್ತಿ ತೆಗೆಯಬೇಕು. ಹೀಗೆ ತೆಗೆದಾಗ ಸಿಲಿಂಡರಿನೊಳಗಿನ ಸೆಳೆತಕ್ಕೆ ತುಸು ಎಣ್ಣೆ ಮೇಲೇರಿ ರಿಂಗುಗಳನ್ನು ತೊಳೆದು ತಂಪು ಮಾಡುತ್ತದೆ.

ಇದಕ್ಕೆ ಮಲೆನಾಡಿನ ದಾರಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಒಂದು ದಿಬ್ಬ, ಒಂದು ಹಳ್ಳ, ಹಳ್ಳದಾಚೆ ಮತ್ತೊಂದು ದಿಬ್ಬ. ಕಣಿವೆಯಲ್ಲಿ ಅಡಿಕೆಯ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹೆಂಚಿನ ಮನೆ. ಅಂಗಳದ ಅಟ್ಟಗಳ ಮೇಲೆ ಅಡಿಕೆ ಒಣಗುತ್ತಿತ್ತು. ನೋಡುತ್ತ ಮೈಮರೆತು ಒಂದು ಏರಿನಲ್ಲಿ ಹಿಡಿಯನ್ನೆಳೆಯಲು ಮರೆತೆವು. ಎಂಜಿನ್ನು ನರಳಿತು, ಗಾಬರಿಯಿಂದ ಒತ್ತಿದೆವು, ಗರ್ಜಿಸಿತು. ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ!

ಗಾಡಿ ನಿಲ್ಲಿಸಿ ಇಳಿದಾಗ ಕೈ ನಡುಗುತ್ತಿದ್ದುದನ್ನು ಮುಚ್ಚಿಡುವುದೇಕೆ? ಕಾವಿನ ಮುಳ್ಳು ನಡುಮಟ್ಟದಲ್ಲಿಯೇ ಇತ್ತು; ನೀರು ಎಲ್ಲಿಯೂ ಸೋರಿರಲಿಲ್ಲ. ಜೋಡಿಸುವಾಗ ಹೊಗೆಯ ಕೊಳವೆಯ ಮೇಲೆ ಚೆಲ್ಲಿದ್ದ ಎಣ್ಣೆ ಸುಡುತ್ತಿದ್ದುದಷ್ಟೆ. ಅದು ಆರಿದ ಮೇಲೆ ಹೊರಟೆವು.

ಹೇರೂರಿನ ಅತ್ತೆ ಆಸರಿಗೆಂದು ಅಪ್ಪೆಹುಳಿ ಕೊಟ್ಟು, ಅಘನಾಶಿನಿಯ ಉಂಚಳ್ಳಿ ಜಲಪಾತವನ್ನು ಕಂಡು ಎಷ್ಟೋ ವರ್ಷಗಳಾದುವೆಂದರು. ಲಷಿಂಗ್ಟನ್ ಎಂಬ ಆಂಗ್ಲ ಕಲೆಕ್ಟರನು 1845ರಲ್ಲಿ ಕಂಡನೆಂದು ಆತನ ಹೆಸರನ್ನೂ ಹೊತ್ತಿರುವ, 116 ಮೀಟರು ಎತ್ತರದ ಆ ಧಾರೆ ಹೆಗ್ಗರಣಿಯ ಕಡೆಯ ಕಾಡಿನಲ್ಲಿದೆ. (ಸುತ್ತಲಿನವರು ಅದಕ್ಕೆ ಮೊದಲೇ ಕಂಡಿರಲಿಲ್ಲವೆ?) ಅಂದು ಕರೆದೊಯ್ಯುವ ಧೈರ್ಯವಾಗಲಿಲ್ಲ, ಸಾವಿರ ಕಿಲೋಮೀಟರು ಮುಗಿಯಲೆಂದೆವು.

ಐನೂರು ಕಿಲೋಮೀಟರಿಗೆ ಎಣ್ಣೆ ಬದಲಿಸಿದಾಗ ಹಳೆಯ ಎಣ್ಣೆಯಲ್ಲಿ ಬೆಳ್ಳಿಯ ಭಸ್ಮದಂತಹ ಹೊಳಪಿತ್ತು. ಉಜ್ಜಿದ ಲೋಹವೇ ಅದು, ಅಂಜಬೇಡಿ ಎಂದನು ಮೇಸ್ತ್ರಿ. ಆಮೇಲೆ ಅಳೆಯುವ ಕಡ್ಡಿಯಲ್ಲಿ ಎಣ್ಣೆಯ ಗೆರೆ ಕೆಳಗಿಳಿಯಲಿಲ್ಲ.

ಮಳೆಗಾಲ ಕಳೆದ ಆಶ್ವಯುಜದಲ್ಲಿ ಅತ್ತೆಯನ್ನು ಮುಂದಿನ ಆಸನದಲ್ಲಿ ಕುಳ್ಳಿರಿಸಿಕೊಂಡು ಉಂಚಳ್ಳಿಗೆ ಹೊರಟೆವು. ಅರ್ಧ ದಾರಿಯವರೆಗೆ ನಮ್ಮ ಕಾಲುಗಳನ್ನೇ ನೋಡುತ್ತಿದ್ದ ಅವರು, “ತಮ್ಮಾ, ಎಡಗಾಲಿಗೆ ಕೆಲಸವೇ ಇಲ್ಲವಲ್ಲ, ಜೋಮು ಹಿಡಿದಿದೆಯೇನೋ?” ಎಂದು ಕೇಳಿದರು.