ಸೂರಿನಿಂದ ಇಳಿಯುವ ಸದ್ದು

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಶೀಟು ಹೊದಿಸಿದ ಶೆಡ್ಡಿನಡಿ ದುಡಿದವರಿಗೆ ಮುಂಗಾರಿನ ಮೊದಲ ಹನಿ ಯಾವ ಮೂಲೆಯಲ್ಲಿ ಬಿತ್ತೆಂದು ತಲೆಯೆತ್ತದೆಯೇ ಗೊತ್ತಾಗುತ್ತದೆ. ಅಲ್ಲಿ ಟಪ್ ಎಂದದ್ದು ಇಲ್ಲಿಗೆ ಬರುವಷ್ಟರಲ್ಲಿ ಇಡೀ ಸೂರೇ ಮೊರೆಯತೊಡಗುತ್ತದೆ. ಹೋಮ್ ಥಿಯೇಟರಿಗೆ ಸೀಲಿಂಗ್ ಸ್ಪೀಕರ್ ಆರಿಸುವಾಗ ನನ್ನ ಅಳತೆಗೋಲು ಈ ಮಳೆಯೇ.

ಪಕ್ಕದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ 1975ರಲ್ಲಿ 70 ಎಂಎಂ ಪರದೆಗೆ ಬಂದಾಗ ಸ್ಟೀರಿಯೋ ಸದ್ದನ್ನೂ ತಂದಿತ್ತು. ಎಡ, ಬಲ, ಹಿಂದು, ಮುಂದು ಸಿನಿಮಾಕ್ಕೆ ದಕ್ಕಿದ್ದವು, ಮೇಲು ದಕ್ಕಿರಲಿಲ್ಲ. ತಲೆಯ ಮೇಲಿನ ಸದ್ದನ್ನೂ ತರುವ ಡಾಲ್ಬಿ ಅಟ್ಮಾಸ್ ಚಿತ್ರಮಂದಿರಕ್ಕೆ ಬಂದದ್ದು 2012ರಲ್ಲಿ, ಮನೆಗೆ ಇಳಿದದ್ದು 2014ರಲ್ಲಿ. ಸ್ಪೀಕರುಗಳ ಲೆಕ್ಕ ಹೇಳುವ 5.1.4 ಎಂಬಲ್ಲಿ ಕೊನೆಯ 4 ಇದೆಯಲ್ಲ, ಅವೇ ತಲೆಯ ಮೇಲಿನವು.

ಎಡಬಲವನ್ನು ನಾವು ಎರಡು ಕಿವಿಗೂ ಸದ್ದು ತಲುಪುವ ಹೊತ್ತಿನ ಮತ್ತು ಜೋರಿನ ವ್ಯತ್ಯಾಸದಿಂದ ಹಿಡಿಯುತ್ತೇವೆ. ಮೇಲುಕೆಳಗನ್ನು ತಿಳಿಸುವುದು ಹೊರಗಿವಿಯ ಮಡಿಕೆಗಳು. ಅವು ಕೆಲಸ ಮಾಡುವುದು ಹೆಚ್ಚಾಗಿ ಚೂಪು ಸ್ವರಗಳ ಮೇಲೆ. ಆದ್ದರಿಂದ ನಾನು ಮೊದಲು ನೋಡುವುದು ಟ್ವೀಟರನ್ನು: ಅದರ ಸದ್ದು ಅಗಲವಾಗಿ ಹರಡಬೇಕು, ಬೇಕಾದ ಕಡೆ ತಿರುಗಿಸಲು ಬಂದರೆ ಇನ್ನೂ ಒಳ್ಳೆಯದು. ಬೇಸ್‌ನ ಚಿಂತೆ ಬೇಡ, 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರ್‌ಗೆ ಬಿಡಬಹುದು. ಮುಂದಿನ ಸ್ಪೀಕರುಗಳ ಕಂಪನಿಯದೇ ಆದರೆ ಮುಂದಿನಿಂದ ಮೇಲಕ್ಕೆ ಹಾರುವ ಹಕ್ಕಿಯ ಕಂಠ ನಡುದಾರಿಯಲ್ಲಿ ಅಷ್ಟಾಗಿ ಬದಲಾಗುವುದಿಲ್ಲ.

ಸೀಲಿಂಗಿಗೆ ಸದ್ದು ಬಡಿಸಿ ಕೆಳಕ್ಕಿಳಿಸುವ ಸ್ಪೀಕರುಗಳೂ ಇವೆ. ಬಾಡಿಗೆ ಮನೆಗೆ ಅನುಕೂಲ, ಒಪ್ಪುತ್ತೇನೆ. ಆದರೆ ಅವಕ್ಕೆ ಸಪಾಟಾದ ಸೀಲಿಂಗು ಬೇಕು. ತೊಲೆ ಅಡ್ಡ ಬಂದರೆ ಸದ್ದು ಚದುರುತ್ತದೆ. ಸ್ವಂತ ಮನೆಯಾದರೆ ಮೇಲೆಯೇ ಕೂರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂಗಡಿಯವರು ಸಾಮಾನ್ಯವಾಗಿ ಹೆಲಿಕಾಪ್ಟರಿನ ದೃಶ್ಯ ಹಾಕುತ್ತಾರೆ. “ಅಣ್ಣಾ, ಮಳೆ ಬರೋ ಸೀನ್ ಇದ್ರೆ ಹಾಕಿ” ಎನ್ನುತ್ತೇನೆ. ಕಣ್ಣು ಮುಚ್ಚಿದಾಗ ನಾಲ್ಕು ತೂತುಗಳಿಂದ ಸದ್ದು ಸುರಿದಂತಾದರೆ ಆ ಸ್ಪೀಕರ್ ಬೇಡ. ಹನಿಗಳ ನಡುವಿನ ಜಾಗವೂ ತುಂಬಿಕೊಂಡು, ಸ್ಪೀಕರ್ ಎಲ್ಲಿದೆಯೆಂಬುದೇ ಮರೆತರೆ ಬೆಲೆ ಕೇಳುತ್ತೇನೆ.

ಜಾಗದ ಲೆಕ್ಕ ಸುಲಭ. ಕೂತವರ ಕಿವಿ ಮೂರೂವರೆ ಅಡಿಯಲ್ಲಿ, ಮೋಲ್ಡು ಹತ್ತು ಅಡಿಯಲ್ಲಿದ್ದರೆ, ಎರಡು ಸ್ಪೀಕರು ಆರೂವರೆ ಅಡಿ ಮುಂದೆ, ಎರಡು ಅಷ್ಟೇ ಹಿಂದೆ. ಆಗ ಓರೆ 45 ಡಿಗ್ರಿ. ಎರಡೇ ಇದ್ದರೆ ತಲೆಗಿಂತ ತುಸು ಮುಂದೆ. ಮನೆ ಕಟ್ಟಿಸುತ್ತಿರುವವರು ಮೋಲ್ಡ್ ಹಾಕುವ ಮುನ್ನವೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ಜಾಗಗಳಿಗೆ ಪೈಪು ಬಿಡಿಸಿಕೊಳ್ಳಲಿ. ಸ್ಪೀಕರ್ ಯಾವುದೆಂದು ನಿಧಾನವಾಗಿ ಆರಿಸಬಹುದು. ವೈರು ಆಮೇಲೂ ಎಳೆಯಬಹುದು.