ಙ ಅಕ್ಷರಕ್ಕೆ ಕೆಲಸ ಸಿಕ್ಕ ಊರು

ಮಕ್ಕಳೇ, ಒಂದನೇ ತರಗತಿಯಲ್ಲಿ ನೀವೆಲ್ಲ ಕ ಖ ಗ ಘ ಙ ಎಂದು ರಾಗ ಎಳೆದು ಹೇಳಿದವರೇ. ಕ ಬಂದರೆ ಕಮಲ, ಗ ಬಂದರೆ ಗಡಿಯಾರ. ಙ ಬಂದಾಗ ಮಾತ್ರ ಚಿತ್ರ ಬರೆಯುವವನಿಗೂ ಕೈ ಕಟ್ಟಿಹೋಗುತ್ತದೆ. ಆ ಅಕ್ಷರದಿಂದ ಶುರುವಾಗುವ ಒಂದು ವಸ್ತುವಾದರೂ ಬೇಕಲ್ಲ? ಞ ದ ಗತಿಯೂ ಅದೇ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ನನಗೆ ಈ ಎರಡು ಅಕ್ಷರಗಳನ್ನು ಕಂಡರೆ ವಹಿವಾಟಿಲ್ಲದ ಹಳೆಯ ಖಾತೆಗಳ ನೆನಪಾಗುತ್ತದೆ. ಲೆಡ್ಜರಿನಲ್ಲಿ ಹೆಸರಿದೆ, ಜಮಾ ಇಲ್ಲ, ಖರ್ಚೂ ಇಲ್ಲ.

ವಿಯೆಟ್ನಾಂನಲ್ಲಿ ಇವಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಕೆಲಸ. ಅಲ್ಲಿ ಹತ್ತು ಜನರಲ್ಲಿ ಮೂರು ನಾಲ್ಕು ಜನರ ಮನೆತನದ ಹೆಸರು ‘ಙುಯೆನ್’. ಹುಡುಗಿಯರಿಗೆ ಙಾ, ಙೊಕ್, ಞುಙ್ ಎಂಬ ಹೆಸರುಗಳು ನಮ್ಮಲ್ಲಿ ಲತಾ, ಗೀತಾ ಇದ್ದ ಹಾಗೆ. ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಬಂದ ಟೀಚರುಗಳು ಹಾಜರಿ ಕರೆಯುವಾಗ ಇಲ್ಲಿಯೇ ಮುಗ್ಗರಿಸುತ್ತಾರಂತೆ. ನನ್ನ ಮೊಮ್ಮಗಳು ಮುಗ್ಗರಿಸಲಿಲ್ಲ. ಏಳನೇ ತರಗತಿಯವರೆಗೆ ನಮ್ಮೂರಿನ ಕನ್ನಡ ಶಾಲೆಯಲ್ಲಿ ಓದಿದವಳು ಅವಳು.

ಅವಳಿಗೆ ಈಗ 26 ವರ್ಷ. ಎರಡು ವರ್ಷದಿಂದ ಹನೋಯ್ ನಗರದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಹೊರದೇಶದವರಿಗೆ ಅಲ್ಲಿ ಕೆಲಸದ ಪರವಾನಗಿ ಕೊಡುವುದು ಹೆಚ್ಚೆಂದರೆ ಎರಡು ವರ್ಷಕ್ಕೆ. ಅದು ಮುಗಿಯುತ್ತ ಬಂದಿತ್ತು. ‘ಅಪ್ಪ, ನೀವು ಒಮ್ಮೆ ಹೋಗಿ ನೋಡಿ. ಸಾಧ್ಯವಾದರೆ ಕರೆದುಕೊಂಡೇ ಬನ್ನಿ’ ಎಂದು ನನ್ನ ಮಗಳು ನನ್ನನ್ನು ಹೊರಡಿಸಿದಳು. 74ನೇ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿ ಕಳೆದ ನವೆಂಬರಿನಲ್ಲಿ ಹೊರಟೆ. ಕಲ್ಕತ್ತಾದಿಂದ ಹಾರಿದರೆ ಎರಡೂವರೆ ಗಂಟೆಯ ದಾರಿ, ಮಂಗಳೂರಿನಿಂದ ಕಲ್ಕತ್ತಾಕ್ಕೆ ಹೋಗುವುದೇ ಹೆಚ್ಚು ಕಷ್ಟ. ಗಡಿಯಾರವನ್ನು ಒಂದೂವರೆ ಗಂಟೆ ಮುಂದೆ ತಿರುಗಿಸಬೇಕು, ಅಷ್ಟೆ.

ಅವಳ ಮನೆ ಒಂದು ಗಲ್ಲಿಯೊಳಗೆ. ಹನೋಯ್‌ನ ಮನೆಗಳನ್ನು ನೋಡಿದರೆ ಪುಸ್ತಕದ ಕಪಾಟಿನ ನೆನಪಾಗುತ್ತದೆ. ಮುಂಭಾಗ ಮೂರು ನಾಲ್ಕು ಮೀಟರ್ ಅಗಲ, ಹಿಂದಕ್ಕೆ ಉದ್ದ, ಮೇಲಕ್ಕೆ ನಾಲ್ಕೈದು ಅಂತಸ್ತು. ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಕೆಳಗೆ ಮನೆಯ ಯಜಮಾನಿ ಅಜ್ಜಿ, ಮೂರನೇ ಅಂತಸ್ತಿನ ಒಂದು ಕೋಣೆಯಲ್ಲಿ ಇವಳು. ಗಲ್ಲಿಯ ಬಾಯಲ್ಲಿ ರಾತ್ರಿ ಗಾಢವಾದ ಒಂದು ಪರಿಮಳ. ಯಾವ ಹೂವೆಂದು ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಹಾಲೆ ಮರ! ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕಲ್ಲಿನಿಂದ ತೊಗಟೆ ಜಜ್ಜಿ ತಂದು ಕಷಾಯ ಕುಡಿಯುತ್ತೇವಲ್ಲ, ಅದೇ ಮರ. ಅವರು ಅದನ್ನು ಕರೆಯುವುದೂ ‘ಹಾಲಿನ ಹೂ’ ಎಂಬ ಅರ್ಥದ ಹೆಸರಿನಿಂದ. ಹನೋಯ್‌ನ ಬೀದಿಗಳಲ್ಲಿ ಸಾಲಾಗಿ ನೆಟ್ಟಿದ್ದಾರೆ. ಕಷಾಯ ಮಾತ್ರ ಅಲ್ಲಿ ಯಾರೂ ಕುಡಿಸಲಿಲ್ಲ, ಪುಣ್ಯ.

ಮನೆಯಿಂದ ಹೊರಟರೆ ಮೊದಲ ಪರೀಕ್ಷೆ ರಸ್ತೆ ದಾಟುವುದು. ಸ್ಕೂಟರುಗಳು ಮಳೆಗಾಲದ ಹೊಳೆಯ ಹಾಗೆ ಹರಿಯುತ್ತವೆ. ಹಿಂಬದಿಯಲ್ಲಿ ಕೋಳಿಬುಟ್ಟಿ, ಕನ್ನಡಿ ಬೀರು, ಹೂಕುಂಡ, ಎಲ್ಲವೂ ಉಂಟು. ವಾಹನಗಳು ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ನಾವು ನೋಡುವ ದಿಕ್ಕೂ ಅದಲುಬದಲು. ಮೊಮ್ಮಗಳು ನನ್ನ ಕೈ ಹಿಡಿದು ಹೇಳಿದಳು: ‘ಅಜ್ಜ, ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಲೇಬಾರದು. ಒಂದೇ ವೇಗದಲ್ಲಿ ಮೆಲ್ಲಗೆ ನಡೆಯುತ್ತಿರಿ. ಅವರೇ ಸುತ್ತು ಹಾಕಿ ಹೋಗುತ್ತಾರೆ.’ ನಿಜ. ಸವಾರ ನಿಮ್ಮ ನಡಿಗೆಯನ್ನು ಲೆಕ್ಕ ಹಾಕಿ ಬದಿಗೆ ತಿರುಗಿಸುತ್ತಾನೆ, ನೀವು ಗಾಬರಿಯಿಂದ ನಿಂತರೆ ಅವನ ಲೆಕ್ಕ ತಪ್ಪುತ್ತದೆ. ಎಲ್ಲರ ತಲೆಯಲ್ಲೂ ಹೆಲ್ಮೆಟ್ ಇದ್ದದ್ದು ನನಗೆ ಬಹಳ ಮೆಚ್ಚಿಗೆಯಾಯಿತು. 2007ರ ಡಿಸೆಂಬರಿನಿಂದ ಅಲ್ಲಿ ಅದು ಎಲ್ಲ ರಸ್ತೆಗಳಲ್ಲೂ ಕಡ್ಡಾಯ. ಇವಳು ಕೆಲಸಕ್ಕೆ ಹೋಗುವುದು ಮೊಬೈಲಿನಲ್ಲಿ ಕರೆದ ಬೈಕ್ ಟ್ಯಾಕ್ಸಿಯಲ್ಲಿ. ಹಸಿರು ಜಾಕೆಟ್ಟಿನ ಸವಾರ ಬರುತ್ತಾನೆ, ಹೆಲ್ಮೆಟ್ ಕೊಡುತ್ತಾನೆ, ಐದು ನಿಮಿಷದಲ್ಲಿ ಮಾಯ.

ಹಣದ ವಿಷಯ ಹೇಳದೆ ಮುಂದೆ ಹೋದರೆ ನಾನು ಬ್ಯಾಂಕಿನವನೇ ಅಲ್ಲ. ಅಲ್ಲಿಯದು ಡಾಂಗ್. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್. ಹಾಗಾಗಿ ವಿಮಾನ ಇಳಿದ ಅರ್ಧ ಗಂಟೆಯಲ್ಲಿ ನಾನು ಲಕ್ಷಾಧಿಪತಿ, ಮರುದಿನ ಕೋಟ್ಯಧಿಪತಿ ಆಗಲಿಕ್ಕೂ ಅಡ್ಡಿಯಿರಲಿಲ್ಲ! ಅತಿ ದೊಡ್ಡ ನೋಟು 5,00,000 ಡಾಂಗ್‌ನದು. ನಾಣ್ಯಗಳು ಈಗ ಚಲಾವಣೆಯಲ್ಲಿ ಕಾಣುವುದಿಲ್ಲ. 10,000 ಮತ್ತು ಅದಕ್ಕಿಂತ ಮೇಲಿನ ನೋಟುಗಳು ಕಾಗದದ್ದಲ್ಲ, ಪಾಲಿಮರಿನದು. ನೀರಲ್ಲಿ ಬಿದ್ದರೂ ಒರೆಸಿ ಕಿಸೆಗೆ ಹಾಕಬಹುದು. ಮುಂದೆ ಎಲ್ಲದರಲ್ಲೂ ಹೋ ಚಿ ಮಿನ್ ಅವರ ಮುಖ, ಹಿಂದೆ ಬೇರೆ ಬೇರೆ ಚಿತ್ರ. ಒಂದೇ ಒಂದು ತಕರಾರು: 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದಕ್ಕೊಂದು ಇಪ್ಪತ್ತೈದು ಪಟ್ಟು ವ್ಯತ್ಯಾಸ ಇರುವ ಎರಡು ನೋಟುಗಳಿಗೆ ಹತ್ತಿರದ ಬಣ್ಣ ಕೊಟ್ಟವರು ಒಂದು ದಿನವಾದರೂ ಕ್ಯಾಷ್ ಕೌಂಟರಿನಲ್ಲಿ ಕೂತಿರಲಿಕ್ಕಿಲ್ಲ. ಮೊಮ್ಮಗಳು ಅವನ್ನು ಬೇರೆ ಬೇರೆ ಪರ್ಸಿನಲ್ಲಿ ಇಡುತ್ತಾಳೆ. ಈಚೆಗೆ ನೋಟು ಬೇಕಾಗುವುದೂ ಕಡಿಮೆ. ಫುಟ್‌ಪಾತಿನಲ್ಲಿ ಗೇಣೆತ್ತರದ ಪ್ಲಾಸ್ಟಿಕ್ ಸ್ಟೂಲು ಹಾಕಿ ತಣ್ಣನೆ ಚಹಾ ಮಾರುವ ಹೆಂಗಸಿನ ಬಳಿಯೂ ನಮ್ಮಲ್ಲಿಯ ಹಾಗೆಯೇ ಚೌಕದ ಕೋಡು ಅಂಟಿಸಿದೆ.

ಊಟದ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಚಿಂತೆ ಇತ್ತು. ನಾವು ಸಸ್ಯಾಹಾರಿಗಳು, ಅಲ್ಲಿ ಪ್ರತಿಯೊಂದಕ್ಕೂ ಮೀನಿನ ಸಾರ ಬೀಳುತ್ತದೆ. ಆದರೆ ಒಂದು ಶಬ್ದ ಗೊತ್ತಿದ್ದರೆ ಬದುಕಬಹುದು: ‘ಚಾಯ್’. ಚಹಾ ಅಲ್ಲ, ಸಸ್ಯಾಹಾರ ಎಂದು ಅರ್ಥ. ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಮಾಂಸ ಬಿಡುತ್ತಾರೆ. ಅವರಿಗಾಗಿ ಚಾಯ್ ಊಟದ ಅಂಗಡಿಗಳಿವೆ. ಅಕ್ಕಿಯಿಂದ ಒತ್ತಿದ ‘ಬುನ್’ ನಮ್ಮ ಒತ್ತು ಶ್ಯಾವಿಗೆಯ ತಂಗಿ. ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಹಿಟ್ಟು ಹರಡಿ ಆವಿಯಲ್ಲಿ ಬೇಯಿಸುವ ತೆಳ್ಳನೆಯ ಹಾಳೆ ನೋಡಿದರೆ ನೀರುದೋಸೆಯ ನೆನಪು ಬಾರದೆ ಇರದು. ಕುಚ್ಚಲಕ್ಕಿ ಮಾತ್ರ ಸಿಗುವುದಿಲ್ಲ.

ಕೆಳಗಿನ ಮನೆಯ ಅಜ್ಜಿಗೂ ನನಗೂ ಒಂದು ಶಬ್ದವೂ ಸಮಾನವಿಲ್ಲ. ಎರಡನೇ ದಿನ ಆಕೆ ವೀಳ್ಯದ ಡಬ್ಬಿ ತೆರೆದು ಮುಂದಿಟ್ಟಳು. ಹಸಿರು ವೀಳ್ಯದೆಲೆ, ಸುಣ್ಣ, ಹಸಿ ಅಡಿಕೆಯ ಹೋಳು. ನಾವು ಚಾಲಿ ತಿನ್ನುವವರು, ಅವರು ಹಸಿಯನ್ನೇ ತಿನ್ನುತ್ತಾರೆ. ಮೊಮ್ಮಗಳು ಒಂದು ಕಥೆ ಹೇಳಿದಳು. ಅಣ್ಣತಮ್ಮಂದಿರಿಬ್ಬರು, ಒಂದೇ ಅಚ್ಚಿನವರು. ಅಣ್ಣನಿಗೆ ಮದುವೆಯಾದ ಮೇಲೆ ತನ್ನನ್ನು ಯಾರೂ ಕೇಳುವವರಿಲ್ಲ ಎಂದು ಬೇಸರಗೊಂಡ ತಮ್ಮ ಮನೆ ಬಿಟ್ಟು ಹೋಗಿ ಹೊಳೆಯ ದಡದಲ್ಲಿ ಅತ್ತು ಅತ್ತು ಸುಣ್ಣದ ಕಲ್ಲಾದ. ಹುಡುಕುತ್ತ ಬಂದ ಅಣ್ಣ ಅದೇ ಕಲ್ಲಿನ ಪಕ್ಕ ಪ್ರಾಣ ಬಿಟ್ಟು ಅಡಿಕೆ ಮರವಾದ. ಗಂಡನನ್ನು ಹುಡುಕುತ್ತ ಬಂದ ಹೆಂಡತಿ ಆ ಮರವನ್ನು ತಬ್ಬಿ ವೀಳ್ಯದ ಬಳ್ಳಿಯಾದಳು. ಮದುವೆಯ ಮಾತುಕತೆಗೆ ವೀಳ್ಯ ಅಡಿಕೆ ಅಲ್ಲಿಯೂ ಬೇಕೇ ಬೇಕು. ಅಡಿಕೆ ತೋಟದ ನಾಡಿನಲ್ಲಿ ಹುಟ್ಟಿ 74 ವರ್ಷ ತಾಂಬೂಲ ಕಂಡರೂ ಈ ಮೂವರ ಕಥೆ ನನಗೆ ಹೊಸದು.

ಇನ್ನು ಅವಳ ಕೆಲಸ. ಬೆಳಿಗ್ಗೆ ಎರಡು ದಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ, ಒಂದು ಕೋಣೆಯಲ್ಲಿ 46 ಮಕ್ಕಳು. ಮಧ್ಯಾಹ್ನ ಊಟವಾದ ಮೇಲೆ ಆ ಮಕ್ಕಳು ಶಾಲೆಯಲ್ಲೇ ಚಾಪೆ ಹಾಸಿ ಮಲಗುತ್ತಾರೆ! ಶಾಲೆಯಲ್ಲಿ ನಿದ್ದೆ ಹೋದದ್ದಕ್ಕೆ ಪೆಟ್ಟು ತಿಂದ ನನ್ನಂಥವರಿಗೆ ಹೊಟ್ಟೆಕಿಚ್ಚಾಗುವ ವಿಷಯ. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಮತ್ತು ಶನಿವಾರ, ಭಾನುವಾರ ಇಡೀ ದಿನ ಒಂದು ಖಾಸಗಿ ಇಂಗ್ಲಿಷ್ ಕೇಂದ್ರದಲ್ಲಿ ತರಗತಿ. ಸೋಮವಾರ ರಜೆ, ಅಂದು ಬಟ್ಟೆ ಒಗೆಯುವುದು ಮತ್ತು ಅಮ್ಮನ ಜೊತೆ ವೀಡಿಯೋ ಮಾತು.

ಒಂದು ಶನಿವಾರ ನನ್ನನ್ನು ಕೇಂದ್ರದ ತರಗತಿಯ ಹಿಂದಿನ ಕುರ್ಚಿಯಲ್ಲಿ ಕೂರಿಸಿದಳು. ಏಳೆಂಟು ವರ್ಷದ ಹದಿನೈದು ಮಕ್ಕಳು. ಅವರ ಮೊದಲ ಪ್ರಶ್ನೆ ‘ನಿಮ್ಮ ವಯಸ್ಸೆಷ್ಟು?’ ಇದು ಅಧಿಕಪ್ರಸಂಗ ಅಲ್ಲ. ಅವರ ಭಾಷೆಯಲ್ಲಿ ‘ನೀವು’ ಎನ್ನಲು ಒಂದೇ ಶಬ್ದವಿಲ್ಲ. ಎದುರಿನವರ ವಯಸ್ಸು ನೋಡಿ ಅಕ್ಕ, ಚಿಕ್ಕಮ್ಮ, ಅಜ್ಜ ಎಂದೇ ಮಾತು ಶುರುಮಾಡಬೇಕು. ನಾನು ಕೂಡಲೇ ‘ಓಂಗ್’ ಆದೆ, ಅಂದರೆ ಅಜ್ಜ. ಮೊಮ್ಮಗಳು ‘ಕೋ’. ಟೀಚರಮ್ಮನಿಗೂ ಅತ್ತೆಗೂ ಅದೇ ಶಬ್ದ.

ಅಂದಿನ ಪಾಠ ಶಬ್ದದ ಕೊನೆಯ ಸದ್ದು. ವಿಯೆಟ್ನಾಮಿ ಮಾತಿನಲ್ಲಿ ಶಬ್ದದ ಕೊನೆಗೆ ಸ್ ಎಂಬ ಸದ್ದು ಬರುವುದಿಲ್ಲ. ಹಾಗಾಗಿ ‘ರೈಸ್’ ಮಕ್ಕಳ ಬಾಯಲ್ಲಿ ‘ರೈ’ ಆಗುತ್ತದೆ, ‘ಹೌಸ್’ ‘ಹೌ’ ಆಗುತ್ತದೆ. ನಮ್ಮ ತಾಪತ್ರಯ ಇದಕ್ಕೆ ನೇರ ವಿರುದ್ಧ. ನಾವು ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲದಕ್ಕೂ ಒಂದು ‘ಉ’ ಅಂಟಿಸುತ್ತೇವೆ. ಅವರು ಬಾಲ ಕತ್ತರಿಸುತ್ತಾರೆ, ನಾವು ಬಾಲ ಕಟ್ಟುತ್ತೇವೆ. ಮೊಮ್ಮಗಳು ಹಲಗೆಯ ಮೇಲೆ ಹಾವು ಬರೆದು, ಶಬ್ದದ ಕೊನೆಗೆ ಹಾವು ಬುಸುಗುಟ್ಟಬೇಕು ಎಂದಳು. ಹದಿನೈದು ಹಾವುಗಳು ಒಟ್ಟಿಗೆ ಬುಸುಗುಟ್ಟಿದವು. ಆಮೇಲೆ ಮಕ್ಕಳ ಸರದಿ. ಅವರು ನನಗೆ ‘ಮ’ ಕಲಿಸಿದರು. ಒಂದೇ ‘ಮ’ವನ್ನು ಆರು ರಾಗದಲ್ಲಿ ಹೇಳಿದರೆ ಭೂತ, ಅಮ್ಮ, ಆದರೆ, ಗೋರಿ, ಕುದುರೆ, ಭತ್ತದ ನೇಜಿ ಎಂದು ಆರು ಅರ್ಥ. ನಾನು ಅಮ್ಮ ಎನ್ನಲು ಹೋದರೆ ಕುದುರೆ ಬಂತು. ನಕ್ಕು ನಕ್ಕು ಇಬ್ಬರು ಮಕ್ಕಳು ಕುರ್ಚಿಯಿಂದ ಬಿದ್ದರು.

ಆದರೆ ಸಿಹಿಯನ್ನಷ್ಟೇ ಹೇಳಿ ನಿಲ್ಲಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಅವಳ ಕೇಂದ್ರದ ಸಂಬಳದ ಪಟ್ಟಿಯಲ್ಲಿ ಎರಡು ಅಂಕಣ. ಇಂಗ್ಲಿಷ್ ಮನೆಮಾತಾಗಿರುವ ದೇಶಗಳವರಿಗೆ ಒಂದು ದರ, ಉಳಿದವರಿಗೆ ಇನ್ನೊಂದು. ಅದೇ ಪಾಠ, ಅದೇ ಗಂಟೆ, ಅದೇ ಮಕ್ಕಳು. ಇವಳ ಗಂಟೆಗೆ ಮೂರರಲ್ಲಿ ಎರಡು ಪಾಲು. ಪದವಿಪತ್ರಕ್ಕೆ ದೆಹಲಿಯ ರಾಯಭಾರ ಕಚೇರಿಯ ಮುದ್ರೆ, ಬೋಧನೆಯ ಸರ್ಟಿಫಿಕೇಟು, ಪೊಲೀಸ್ ದೃಢೀಕರಣ ಎಲ್ಲ ಇವಳೂ ಕೊಟ್ಟಿದ್ದಾಳೆ. ಮೊದಲ ವರ್ಷ ಒಬ್ಬ ತಾಯಿ ಬಂದು ‘ಜಾಹೀರಾತಿನಲ್ಲಿ ಬಿಳಿಯ ಟೀಚರ್ ಇದ್ದರಲ್ಲ, ಅವರೆಲ್ಲಿ?’ ಎಂದು ಇವಳ ಎದುರೇ ಕೇಳಿದರಂತೆ. ಭಾಷೆ ತಿಳಿಯುವುದಿಲ್ಲ ಎಂದುಕೊಂಡಿರಬೇಕು. ಅಷ್ಟು ಹೊತ್ತಿಗೆ ಇವಳಿಗೆ ತಿಳಿಯುತ್ತಿತ್ತು.

ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಯೂನಿಯನ್ನಿನಲ್ಲಿ ಗಂಟಲು ಹರಿಯುವಂತೆ ಕೂಗಿದವನು ನಾನು. ಆ ಪಟ್ಟಿ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ‘ನಾಳೆಯೇ ಹೊರಡು’ ಎಂದೆ. ಅವಳು ಶಾಂತವಾಗಿ, ‘ಅಜ್ಜ, ದರ ಬದಲಾಯಿಸದಿದ್ದರೆ ಸಹಿ ಹಾಕುವುದಿಲ್ಲ ಎಂದು ಬರೆದು ಕೊಟ್ಟಾಗಿದೆ. ಉತ್ತರ ಬರಲಿ’ ಎಂದಳು. ನನಗೆ ಯಾರೂ ಹೇಳಿರಲಿಲ್ಲ.

ಉತ್ತರ ಬರುವವರೆಗೆ ಊರು ನೋಡಿದೆವು. ನನಗೆ ಹಿಡಿಸಿದ್ದು ಸಾಹಿತ್ಯ ದೇಗುಲ. 1070ರಲ್ಲಿ ಕಟ್ಟಿಸಿದ್ದು, ಕನ್‌ಫ್ಯೂಶಿಯಸ್‌ನ ಹೆಸರಿನಲ್ಲಿ. ಆರು ವರ್ಷದ ಮೇಲೆ ಅಲ್ಲಿ ರಾಜವಿದ್ಯಾಲಯವೂ ಶುರುವಾಯಿತು. ಒಳಗೆ ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತ 82 ಶಿಲಾಫಲಕಗಳು. ಅವುಗಳಲ್ಲಿ ಇರುವುದು ರಾಜರ ದಂಡಯಾತ್ರೆಯ ವರ್ಣನೆ ಅಲ್ಲ, ದೊಡ್ಡ ಪರೀಕ್ಷೆಯಲ್ಲಿ ಪಾಸಾದವರ ಹೆಸರು ಮತ್ತು ಊರು! ಪರೀಕ್ಷೆಗೆ ಮುಂಚೆ ಹುಡುಗರು ಬಂದು ಆಮೆಯ ತಲೆ ಸವರಿ ಸವರಿ ಕಲ್ಲು ನುಣುಪಾಗಿ, ಈಗ ಬೇಲಿ ಹಾಕಿದ್ದಾರೆ. 1,00,000 ಡಾಂಗ್ ನೋಟಿನ ಹಿಂದೆ ಇರುವುದು ಇದೇ ದೇಗುಲದ ಚಿತ್ರ. ಆ ಫಲಕಗಳಲ್ಲಿರುವುದು ಚೀನೀ ಅಕ್ಷರ. ಈಗ ಅವರು ಬರೆಯುವುದು ರೋಮನ್ ಲಿಪಿಯಲ್ಲಿ, ತಲೆಗೂ ಕಾಲಿಗೂ ಚುಕ್ಕೆ ಕೊಂಬು ಸೇರಿಸಿ. ಪಾದ್ರಿಗಳು ರೂಪಿಸಿದ ಆ ಲಿಪಿಯ ನಿಘಂಟು 1651ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ನಮ್ಮ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ನೆನಪಾಯಿತು.

ನವೆಂಬರ್ 20 ಅಲ್ಲಿ ಶಿಕ್ಷಕರ ದಿನ. ಇಡೀ ಊರಿನ ಹೂವಿನ ಅಂಗಡಿಗಳು ರಸ್ತೆಗೆ ಇಳಿದಿದ್ದವು. ಸಂಜೆ ಕೇಂದ್ರದ ಬಾಗಿಲಲ್ಲಿ ಹೆತ್ತವರ ಸ್ಕೂಟರುಗಳ ಸಾಲು. ಬಿಳಿ ಟೀಚರನ್ನು ಕೇಳಿದ್ದ ಆ ತಾಯಿಯೂ ಬಂದಿದ್ದರು. ಕೈಯಲ್ಲಿ ಸೇವಂತಿಗೆಯ ಕಟ್ಟು, ಪಕ್ಕದಲ್ಲಿ ಮಗಳು. ಮೊಮ್ಮಗಳು ಆ ಹುಡುಗಿಯನ್ನು ‘ಙೊಕ್’ ಎಂದು ಕರೆದಳು, ರಾಗ ಸಮೇತ. ತಾಯಿ ಏನೋ ಹೇಳಿ ನಕ್ಕರು. ಏನೆಂದರು ಎಂದು ಕೇಳಿದೆ. ‘ಮುಂದಿನ ವರ್ಷವೂ ಇದೇ ಕೋ ಇರುತ್ತಾರಾ ಎಂದು ಆಫೀಸಿನಲ್ಲಿ ಕೇಳಿದ್ದಾರಂತೆ’ ಎಂದಳು.

ನಾಲ್ಕು ದಿನದ ಮೇಲೆ ಕೇಂದ್ರದ ಉತ್ತರ ಬಂತು. ದರ ಏರಿಸಿದ್ದಾರೆ, ಆದರೆ ಪೂರ್ತಿ ಸಮ ಮಾಡಿಲ್ಲ, ಆರು ತಿಂಗಳಲ್ಲಿ ಮತ್ತೆ ನೋಡುತ್ತೇವೆ ಎಂದಿದ್ದಾರೆ. ನಮ್ಮ ಯೂನಿಯನ್ನಿಗೂ ಹೀಗೆಯೇ ಕಂತಿನಲ್ಲಿ ಸಿಗುತ್ತಿತ್ತು. ಅವಳು ಪತ್ರವನ್ನು ಎರಡು ಸಲ ಓದಿ, ‘ಆರು ತಿಂಗಳು’ ಎಂಬುದರ ಕೆಳಗೆ ಗೆರೆ ಎಳೆದು ಸಹಿ ಹಾಕಿದಳು. ನಾನು ಒಬ್ಬನೇ ವಿಮಾನ ಹತ್ತಿದೆ.

ಮಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತೆಟ್ ರಜೆ ಯಾವಾಗ?’ ಎಂದು ಕೇಳಿದಳು. ತೆಟ್ ಎಂದರೆ ಅವರ ಚಾಂದ್ರಮಾನ ಹೊಸವರ್ಷ, ನಮ್ಮ ಸಂಕ್ರಾಂತಿ ಕಳೆದ ಮೇಲೆ ಬರುತ್ತದೆ. ಆಗ ಮೊಮ್ಮಗಳು ಊರಿಗೆ ಬರುತ್ತಾಳೆ. ಹಿಂದೆ ಹೋಗುವಾಗ ಕಟ್ಟಿಕೊಡಲಿಕ್ಕೆಂದು ಅಂಗಳದಲ್ಲಿ ಈಗಲೇ ಸಂಡಿಗೆ ಒಣಗುತ್ತಿದೆ. ಕಾಗೆ ಓಡಿಸುವ ಕೆಲಸ ನನ್ನದು.