ಫಲಕವಿಲ್ಲದ ದಾನ

ಮಾರ್ಚ್ ಸಮೀಪಿಸಿತೆಂದರೆ, ಸಂಶೋಧನೆಯನ್ನೇ ಸೇವೆಯೆಂದು ಬಗೆದ ಸಂಸ್ಥೆಗಳು ಬರುವ ವರ್ಷದ ಕಾರ್ಯಯೋಜನೆಯನ್ನೂ ಅದಕ್ಕೆ ತಗಲುವ ದ್ರವ್ಯದ ಅಂದಾಜನ್ನೂ ಹಿಡಿದು ದಾನಿಗಳ ಬಾಗಿಲಲ್ಲಿ ನಿಲ್ಲುತ್ತವೆ. ಶಾಲೆಗೊಂದು ಕೊಠಡಿ, ದೇವಸ್ಥಾನಕ್ಕೊಂದು ಮಂಟಪ ಎಂದೊಡನೆ ಗಂಟು ಬಿಚ್ಚುವ ನಮ್ಮ ಜನ, ಅರಿಯುವ ಕೆಲಸಕ್ಕೆ ಹಣ ಬೇಕೆಂದಾಗ ಮಾತ್ರ ಮೌನ ತಾಳುವರು. ಅಮೃತಶಿಲೆಯ ಫಲಕ ಕೂರಿಸಲು ಅಲ್ಲಿ ಗೋಡೆಯೇ ಇರುವುದಿಲ್ಲವಷ್ಟೆ!

ಉತ್ತರ ಕನ್ನಡದ ಮಿರ್ಜಾನದ ಮಗ್ಗುಲಲ್ಲಿ ಹರಿಯುವ ಅಘನಾಶಿನಿಯನ್ನೇ ನೋಡಿರಿ. ಅದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಆರಂಭದಲ್ಲಿ ಬಂದಾಗ ನಾವೆಲ್ಲ ಹಿಗ್ಗಿದೆವು. ಆದರೆ ಉಪ್ಪುನೀರು ನುಗ್ಗಿದರೂ ಎದೆಗುಂದದ ಗಜನಿ ಗದ್ದೆಯ ಕಗ್ಗ ಭತ್ತ, ಎಷ್ಟೋ ಬಡಮನೆಗಳ ಒಲೆಯುರಿಸುವ ಬಳಚು ಚಿಪ್ಪು, ದಂಡೆ ಕಾಯುವ ಕಾಂಡ್ಲ ಕಾಡು, ಇವುಗಳ ವೃದ್ಧಿಕ್ಷಯಗಳನ್ನು ತಿಳಿಯಬೇಕಾದರೆ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ವರ್ಷ ವರ್ಷವೂ ಅದೇ ಸ್ಥಳದಲ್ಲಿ ನಿಂತು ಅಳೆದು ಬರೆದಿಡುವ ಮನುಷ್ಯರು ಬೇಕು. ಅವರಿಗೆ ಸಂಬಳ ಬೇಕು, ದೋಣಿಗೆ ಬಾಡಿಗೆ ಬೇಕು.

ಆ ಸಂಬಳವನ್ನೇ ನಾವು ಆಡಳಿತವೆಚ್ಚವೆಂದು ಸಂಶಯಿಸುತ್ತೇವೆ. ವಿದೇಶಿ ದೇಣಿಗೆಯಲ್ಲಿ ಆಡಳಿತವೆಚ್ಚದ ಮಿತಿಯನ್ನು ಆ ಕುರಿತ ಕಾಯ್ದೆಯ 2020ರ ತಿದ್ದುಪಡಿ ಶೇಕಡಾ 50ರಿಂದ 20ಕ್ಕಿಳಿಸಿತು, ನಿಜ. ಆದರೂ ಸಂಶೋಧನಾ ಸಂಸ್ಥೆಯಲ್ಲಿ ಕ್ಷೇತ್ರದ ಮಾಹಿತಿ ಕಲೆಹಾಕುವವರ ವೇತನವನ್ನು ಆ ಲೆಕ್ಕದಿಂದ ಹೊರಗಿಡುವಷ್ಟು ವಿವೇಕ ನಿಯಮಗಳಿಗುಂಟು. ದಾನಿಗಳಿಗೆ ಅಷ್ಟೂ ಇಲ್ಲದಿರುವುದು ಸೋಜಿಗ.

ಅಂಥ ಬೇಡಿಕೆಪತ್ರ ಕೈಗೆ ಬಂದರೆ, ಮಹನೀಯರೇ, ಸಂಬಳದ ಬಾಬನ್ನೇ ಮೊದಲು ಓದಿರಿ. ಕೊಡುವುದಾದರೆ ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಮಾತು ಕೊಡಿರಿ.